ಚಳಿ ಎಂದರೆ ಸಳಿ ಅಲ್ಲ

ಈ ಹೊತ್ತು ಆಸ್ಪತ್ರೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಕೌಂಟರಿನ ಹಿಂದೆಯೇ ತಲೆ ನರೆತವನು. ಆದರೆ ನಮ್ಮ ಅತ್ತೆಯವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ನಾನೂ ನಮ್ಮ ಮನೆಯವರೂ ಕೆಲವು ವಾರ ಆಸ್ಪತ್ರೆಗೂ ಮನೆಗೂ ಅಲೆದೆವು. ಅಲ್ಲಿ ಕಂಡದ್ದು, ಆಮೇಲೆ ನರ್ಸಿಂಗ್ ಓದುತ್ತಿರುವ ನಮ್ಮ ಅಣ್ಣನ ಮಗಳಿಂದ ಕೇಳಿ ತಿಳಿದದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಆಪರೇಷನ್ ಆದ ಮಾರನೆಯ ದಿನ ಅತ್ತೆಯವರಿಗೆ ರಕ್ತ ಏರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರು "ಚಳಿ ಕಣವ್ವಾ, ಚಳಿ" ಎಂದು ನರಳತೊಡಗಿದರು. ಅವರಿಗೆ ತಮಿಳು ಅಷ್ಟಕ್ಕಷ್ಟೆ. ಅತ್ತ ಹೋಗುತ್ತಿದ್ದ ಸಿಸ್ಟರು ಕೇಳಿಸಿಕೊಂಡು, ಡಾಕ್ಟರು ಬಂದಾಗ ಹೇಳುತ್ತೇನೆ, ಸಳಿಗೆ ಮಾತ್ರೆ ಬರೆದುಕೊಡುತ್ತಾರೆ ಎಂದು ತಮಿಳಿನಲ್ಲಿ ಹೇಳಿ ಮುಂದೆ ಹೋದರು. ಅವರದೇನೂ ತಪ್ಪಲ್ಲ. ತಮಿಳಿನಲ್ಲಿ ಸಳಿ ಎಂದರೆ ನೆಗಡಿ, ಕಫ. ನಾವು ಚಳಿ ಎನ್ನುವುದಕ್ಕೆ ಅವರು ಕುಳಿರ್ ಎನ್ನುತ್ತಾರೆ. ಪಕ್ಕದ ಮಂಚದ ಹತ್ತಿರ ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಓಡಿಬಂದು, ಹಣೆ ಮುಟ್ಟಿ, "ಅಜ್ಜಿ, ಮೈ ನಡುಗ್ತಾ ಅದಾ?" ಎಂದು ನಮ್ಮ ಮಾತಿನಲ್ಲೇ ಕೇಳಿದಳು. ಅತ್ತೆ ಹೌದೆಂದರು. ಆ ಹುಡುಗಿ ಕೂಡಲೇ ಟ್ಯೂಬಿನ ಮೇಲಿನ ಚಕ್ರ ತಿರುಗಿಸಿ ರಕ್ತ ನಿಲ್ಲಿಸಿ, ಸ್ಟಾಫ್ ನರ್ಸನ್ನು ಕೂಗಿದಳು.

ರಕ್ತ ಏರಿಸುವಾಗ ಚಳಿ, ನಡುಕ, ಜ್ವರ, ಬೆನ್ನುನೋವು, ಮೈ ತುರಿಕೆ, ಉಸಿರಾಟದ ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ಮೊದಲ ಕೆಲಸ ರಕ್ತ ನಿಲ್ಲಿಸುವುದು. ಅದು ಸಣ್ಣ ತೊಂದರೆ ಇರಬಹುದು, ಗುಂಪು ಹೊಂದದ ರಕ್ತದಿಂದ ಬಂದ ಪ್ರಾಣಾಪಾಯವೂ ಇರಬಹುದು. ಎರಡೂ ಶುರುವಿನಲ್ಲಿ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ನಿಲ್ಲಿಸಿ, ಆಮೇಲೆ ವಿಚಾರಿಸಬೇಕು. ಉಳಿದ ರಕ್ತದ ಚೀಲವನ್ನು ಎಸೆಯದೆ ಪರೀಕ್ಷೆಗೆ ರಕ್ತನಿಧಿಗೆ ಕಳಿಸುತ್ತಾರೆ. ಮೊದಲ 15 ನಿಮಿಷ ರೋಗಿಯ ಹತ್ತಿರವೇ ಇದ್ದು ಗಮನಿಸಬೇಕೆಂಬ ನಿಯಮ ಇರುವುದೂ ಇದಕ್ಕಾಗಿಯೇ. ದೇವರ ದಯೆಯಿಂದ ಅತ್ತೆಯವರದು ಸಣ್ಣ ತೊಂದರೆಯೇ ಆಗಿತ್ತು. ಮನೆಗೆ ಬಂದು ಈಗ ಕೋಲು ಹಿಡಿದು ನಡೆದಾಡುತ್ತಾರೆ.

ಆ ದಿನದಿಂದ ನನಗೊಂದು ಯೋಚನೆ ಬಂತು. ನರ್ಸಿಂಗ್ ಎಂದರೆ ಸೂಜಿ ಚುಚ್ಚುವುದು ಮಾತ್ರವಲ್ಲ. ಅದು ಕೇಳಿ ತಿಳಿಯುವ, ತಾಳೆ ನೋಡುವ ಕೆಲಸ. ನಮ್ಮ ಬ್ಯಾಂಕಿನ ಕೆಲಸಕ್ಕೂ ಅದಕ್ಕೂ ಬಹಳ ಹೋಲಿಕೆ ಇದೆ.

ಹಿಂದೆ ಬ್ಯಾಂಕಿನಲ್ಲಿ ಹಿತ್ತಾಳೆ ಟೋಕನ್ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಟೋಕನ್ ತಂದವರನ್ನು ಕ್ಯಾಷಿಯರ್ "ಐದು ಸಾವಿರ ತಾನೇ?" ಎಂದು ಕೇಳಬಾರದು. "ಎಷ್ಟು ರೂಪಾಯಿ?" ಎಂದೇ ಕೇಳಬೇಕು. ಮೊದಲನೆಯದಕ್ಕೆ ಯಾರು ಬೇಕಾದರೂ ಹೌದೆಂದು ತಲೆಯಾಡಿಸುತ್ತಾರೆ. ಎರಡನೆಯದಕ್ಕೆ ನಿಜವಾದ ಹಕ್ಕುದಾರನೇ ಉತ್ತರ ಹೇಳಬೇಕು. ಆಸ್ಪತ್ರೆಯಲ್ಲೂ ಇದೇ ನಿಯಮ. ಮಾತ್ರೆ ಕೊಡುವ ಮೊದಲು "ನೀವು ಲಕ್ಷ್ಮಮ್ಮನವರಾ?" ಎಂದು ಕೇಳಬಾರದು. ಕಿವಿ ಮಂದವಾದ ಅಜ್ಜಿ ಮರ್ಯಾದೆಗಾಗಿಯೇ ಹೂಂ ಎನ್ನುತ್ತಾಳೆ. "ನಿಮ್ಮ ಹೆಸರೇನು?" ಎಂದು ಕೇಳಿ, ಅವರ ಬಾಯಲ್ಲೇ ಹೇಳಿಸಬೇಕು. ಜೊತೆಗೆ ಕೈಪಟ್ಟಿಯಲ್ಲಿರುವ ಆಸ್ಪತ್ರೆ ನಂಬರನ್ನೂ ಕೇಸ್ ಶೀಟಿನ ನಂಬರನ್ನೂ ತಾಳೆ ನೋಡಬೇಕು. ಹೀಗೆ ಎರಡು ಗುರುತು ಬೇಕು. ಮಂಚದ ನಂಬರು ಗುರುತಲ್ಲ, ಏಕೆಂದರೆ ಇವತ್ತು ಮಲಗಿದವರು ನಾಳೆ ಬೇರೆ ಮಂಚಕ್ಕೆ ಹೋಗಬಹುದು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಮೂವರು ಸಿಗುವುದು ಅಪರೂಪವಲ್ಲ.

ಔಷಧ ಕೊಡುವಾಗ ಐದು ಸರಿಗಳನ್ನು ನೋಡಬೇಕೆಂದು ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಕಲಿಸುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ದಾರಿ ಎಂದರೆ ಬಾಯಿಂದಲೋ, ಮಾಂಸಖಂಡಕ್ಕೋ, ರಕ್ತನಾಳಕ್ಕೋ ಎಂಬುದು. ಪ್ರಮಾಣದ ವಿಷಯದಲ್ಲಿ ಚುಕ್ಕಿಯ ಮಹಿಮೆ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಅರ್ಧ ಮಿಲಿಗ್ರಾಂ ಎಂಬುದನ್ನು 0.5 ಎಂದೇ ಬರೆಯಬೇಕು. ಮುಂದಿನ ಸೊನ್ನೆ ಬಿಟ್ಟರೆ ಚುಕ್ಕಿ ಕಣ್ಣಿಗೆ ಬೀಳದೆ 5 ಆಗಿಬಿಡುತ್ತದೆ. ಐದನ್ನು 5 ಎಂದಷ್ಟೇ ಬರೆಯಬೇಕು. 5.0 ಎಂದು ಬರೆದರೆ ಯಾರಾದರೂ 50 ಎಂದು ಓದಿಯಾರು. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ಮತ್ತೆ ಓದಿ ಹೇಳಿ, ಹೌದೆನಿಸಿಕೊಳ್ಳಬೇಕು. ಕೊಟ್ಟ ಕೂಡಲೇ ಬರೆಯಬೇಕು, ಕೊಡುವ ಮೊದಲು ಬರೆಯಬಾರದು. ಇದು ನಮ್ಮ ಲೆಡ್ಜರಿನ ಧರ್ಮವೂ ಹೌದು.

ಸಂಜೆ ಕ್ಯಾಷ್ ಲೆಕ್ಕದಲ್ಲಿ ಕಡಿಮೆ ಬಂದರೆ ಆ ಹೊತ್ತೇ ಮ್ಯಾನೇಜರಿಗೆ ಹೇಳಬೇಕು. ಮುಚ್ಚಿಟ್ಟರೆ ಅದು ಬೆಳೆಯುತ್ತದೆ. ನರ್ಸಿಂಗ್ ಓದುವ ಮಕ್ಕಳೇ, ಔಷಧ ತಪ್ಪಿ ಕೊಟ್ಟಿದ್ದರೆ ಹೆದರಿ ಸುಮ್ಮನಿರಬೇಡಿ. ಬೈಗುಳ ಒಂದು ದಿನದ್ದು. ಬೇಗ ಹೇಳಿದರೆ ರೋಗಿ ಉಳಿಯುತ್ತಾನೆ. ಹೇಳಿದವರನ್ನು ಹಿರಿಯರೂ ಬರೀ ಬೈಯದೆ, ತಪ್ಪು ಏಕಾಯಿತು ಎಂದು ವಿಚಾರಿಸುವುದು ಒಳ್ಳೆಯದು.

ಇನ್ನು ಕೈ ತೊಳೆಯುವ ವಿಷಯ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ಡಾಕ್ಟರು, ಹೆಣ ಕೊಯ್ದು ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರೂ ವಿದ್ಯಾರ್ಥಿಗಳೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟು ಮಾಡಿದರು. ಆ ವರ್ಷದ ಏಪ್ರಿಲಿನಲ್ಲಿ 100 ಬಾಣಂತಿಯರಲ್ಲಿ 18ರಷ್ಟು ಸಾಯುತ್ತಿದ್ದವರು, ಜೂನಿನ ಹೊತ್ತಿಗೆ 2ರ ಆಸುಪಾಸಿಗೆ ಇಳಿದರು. ಯಾವ ಹೊಸ ಔಷಧವೂ ಇರಲಿಲ್ಲ, ಬರೀ ಕೈ ತೊಳೆದದ್ದು. ಇವತ್ತಿಗೂ ರೋಗಿಯನ್ನು ಮುಟ್ಟುವ ಮೊದಲು, ಶುಚಿಯಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ರಕ್ತ ಮಲ ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ ಮೇಜು ಮುಟ್ಟಿದ ಮೇಲೆ, ಹೀಗೆ ಐದು ಸಮಯದಲ್ಲಿ ಕೈ ಶುದ್ಧಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋಪಿನಿಂದಾದರೆ 40ರಿಂದ 60 ಸೆಕೆಂಡು, ಸ್ಪಿರಿಟ್ ದ್ರವದಿಂದಾದರೆ 20ರಿಂದ 30 ಸೆಕೆಂಡು. ನೋಡಲು ಹೋಗುವ ನೆಂಟರಿಗೂ ಈ ಮಾತು ಸಲ್ಲುತ್ತದೆ.

ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗುವುದು ಎಲ್ಲರಿಗೂ ಗೊತ್ತು. ಎಲುಬಿಗೂ ಹಾಸಿಗೆಗೂ ನಡುವೆ ಚರ್ಮ ಒತ್ತಿ, ಅಲ್ಲಿಗೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಆಪರೇಷನ್ ಆದವರನ್ನು ಹೇಗೆ ಹೊರಳಿಸಬೇಕೆಂದು ಸಿಸ್ಟರನ್ನು ಕೇಳಿಯೇ ಮಾಡಬೇಕು. ಸೊಂಟದ ಹಿಂಭಾಗ, ಪಕ್ಕೆಯ ಮೂಳೆ, ಹಿಮ್ಮಡಿಗಳನ್ನು ದಿನವೂ ನೋಡಬೇಕು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಮುಟ್ಟಿ ನೋಡಿದಾಗ ಬಿಸಿ, ಗಟ್ಟಿತನ ಅಥವಾ ನೋವು ಇದ್ದರೆ ಎಚ್ಚರವಾಗಬೇಕು. ಹಾಗೆಯೇ ಬೀಳುವುದು. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಕೆಟ್ಟವರು ಬಹಳ. ಮಂಚ ತಗ್ಗಿಸಿರಬೇಕು, ಚಕ್ರಕ್ಕೆ ಬ್ರೇಕ್ ಹಾಕಿರಬೇಕು, ನೆಲ ಒಣಗಿರಬೇಕು, ಸಣ್ಣ ದೀಪ ಇರಬೇಕು. ಏಳುವ ಮೊದಲು ಒಂದು ನಿಮಿಷ ಮಂಚದ ಅಂಚಿನಲ್ಲಿ ಕುಳಿತು, ತಲೆ ಸುತ್ತದಿದ್ದರೆ ಮಾತ್ರ ನಿಲ್ಲಬೇಕು.

ಈಗ ನಮ್ಮ ಮಾತಿನ ವಿಷಯಕ್ಕೆ ಮರಳುತ್ತೇನೆ. ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು 1966ರಲ್ಲಿ ಶುರುವಾಯಿತು. ತಿರುಪ್ಪೂರಿನದು 2022ರಲ್ಲಿ ಬಂತು. ಸಿರುಮುಗೈಯ ನೇಕಾರರಿಂದ ಹಿಡಿದು ತಾಳವಾಡಿ ಬೆಟ್ಟದ ರೈತರವರೆಗೆ ಮನೆಯಲ್ಲಿ ಕನ್ನಡ ಆಡುವ ಎಷ್ಟೋ ಜನ ದೊಡ್ಡ ಕಾಯಿಲೆಗೆ ಈ ಊರುಗಳಿಗೇ ಬರುತ್ತಾರೆ. ಗಂಡಸರು ಸಂತೆ ಪೇಟೆ ಸುತ್ತಿ ತಮಿಳು ಕಲಿತಿರುತ್ತಾರೆ. ಆದರೆ ನೋವು ಬಂದಾಗ, ಮಂಪರು ಕವಿದಾಗ ಬಾಯಿಗೆ ಬರುವುದು ತಾಯಿಮಾತೇ. ಅಜ್ಜಿಯರಿಗಂತೂ ಅದೊಂದೇ ಮಾತು. ಚಳಿ ಒಂದೇ ಅಲ್ಲ. "ಉಸಿರು ಹೋಗ್ತಾ ಅದೆ" ಎಂದು ನಮ್ಮವರು ಉಸಿರಾಡಲಾಗದೆ ಹೇಳಿದರೆ, ತಮಿಳಿನವರಿಗೆ ಅದು "ಉಯಿರ್ ಪೋಗುದು" ಎಂದಂತೆ ಕೇಳಿಸಬಹುದು. ಅದು ಅವರಲ್ಲಿ ನೋವು ತಾಳಲಾರದೆ ಆಡುವ ಮಾತು. ನೋವಿಗೆ ಮಾತ್ರೆ ಬೇರೆ, ಉಸಿರಿಗೆ ಆಮ್ಲಜನಕ ಬೇರೆ. ಹಾಗಾಗಿ ನಿಮ್ಮ ಮನೆಯ ಹಿರಿಯರಿಗೆ ಈ ಐದು ತಮಿಳು ಮಾತು ಹೇಳಿಕೊಡಿ: ಚಳಿಗೆ ಕುಳಿರ್, ನೋವಿಗೆ ವಲಿ, ಉಸಿರಿಗೆ ಮೂಚ್ಚು, ಜ್ವರಕ್ಕೆ ಕಾಯ್ಚಲ್, ಊತಕ್ಕೆ ವೀಕ್ಕಂ. ಯಾವ ಮಾತ್ರೆ ಮೈಗೆ ಒಗ್ಗುವುದಿಲ್ಲ ಎಂಬುದನ್ನು ತಮಿಳಿನಲ್ಲಿ ಬರೆಸಿ, ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ.

ನರ್ಸಿಂಗ್ ಓದುವ ನಮ್ಮ ಹಳ್ಳಿಯ ಹೆಣ್ಣುಮಕ್ಕಳು, ಗಂಡುಮಕ್ಕಳು ವಾರ್ಡಿನಲ್ಲಿ ಕನ್ನಡ ಆಡಲು ನಾಚಿಕೊಳ್ಳುವುದನ್ನು ಕಂಡಿದ್ದೇನೆ. ನಾಚಬೇಡಿ. ಎರಡು ಮಾತು ಬಲ್ಲವರು ಆ ವಾರ್ಡಿಗೆ ಒಂದು ಆಸ್ತಿ. ನಿಮ್ಮದಲ್ಲದ ಮಂಚದಿಂದ ಬಂದರೂ ಸರಿ, ನಮ್ಮ ಮಾತು ಕಿವಿಗೆ ಬಿದ್ದರೆ ಹೋಗಿ ಕೇಳಿ, ಸಿಸ್ಟರಿಗೆ ತಿಳಿಸಿ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ದುಡಿಯಲು ಬಂದ ಒಡಿಶಾ, ಬಿಹಾರದವರ ಪಾಡೂ ಇದೇ. ಅವರ ಮಾತು ಬಾರದಿದ್ದರೆ, ಬಲ್ಲವರೊಬ್ಬರನ್ನು ಕರೆತಂದು ಕೇಳಿಸಿ.

2019ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನವೆಂದು ಆಚರಿಸುತ್ತಾರೆ. ಆ ದಿನಕ್ಕೆ ಕಾಯಬೇಕಾಗಿಲ್ಲ. ಆ ಹುಡುಗಿಯ ಹೆಸರು ಕೇಳಲು ಗಡಿಬಿಡಿಯಲ್ಲಿ ಮರೆತೆವು. ಅತ್ತೆಯವರು ಮಾತ್ರ ಅವಳನ್ನು ಮರೆತಿಲ್ಲ. "ನಮ್ಮ ಮಾತು ಬಲ್ಲ ಆ ಮಗ" ಎಂದೇ ಇಂದಿಗೂ ಹೇಳುತ್ತಾರೆ.