ಕ್ರೈಸ್ತ ಸಭೆಯ ಸೇವೆಯಲ್ಲಿ ಸ್ತ್ರೀಯರು

ಕಾಕನಕೋಟೆಯ ಕಾಡಂಚಿನ ಹಳ್ಳಿಗಳವರು, ಹುಣಸೂರು, ಹೆಗ್ಗಡದೇವನಕೋಟೆಗಳವರು ದೊಡ್ಡ ಕಾಯಿಲೆ ಬಂದರೆ ಮೈಸೂರಿನ ಕಡೆ ನೋಡುವುದು ರೂಢಿ. ಅಲ್ಲಿ 'ಮಿಷನ್ ಆಸ್ಪತ್ರೆ' ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾಯಿತು. ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಇದನ್ನು ತೆರೆದದ್ದು ಮಹಿಳೆಯರು ಮತ್ತು ಮಕ್ಕಳಿಗಾಗಿ. ಅದು ಹೊತ್ತಿರುವ ಹೆಸರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಹಿಳೆಯದು.

ಮಹಿಳೆಯರಿಗೇ ಪ್ರತ್ಯೇಕ ಆಸ್ಪತ್ರೆ ಏಕೆ ಬೇಕಾಯಿತು? ಆಗ ಅನೇಕ ಮನೆತನಗಳಲ್ಲಿ ಹೆಂಗಸರನ್ನು ಗಂಡು ವೈದ್ಯರಿಗೆ ತೋರಿಸಲು ಒಪ್ಪುತ್ತಿರಲಿಲ್ಲ. ಆದ್ದರಿಂದ ವೈದ್ಯೆಯರು, ದಾದಿಯರು, ಶಿಕ್ಷಕಿಯರು ಇಲ್ಲದೆ ಮಿಷನ್‌ಗಳ ಕೆಲಸ ಮುಂದೆ ಸಾಗುತ್ತಿರಲಿಲ್ಲ. 'ಬೈಬಲ್ ಸ್ತ್ರೀಯರು' ಎನಿಸಿಕೊಂಡ ಸ್ಥಳೀಯ ಮಹಿಳೆಯರು ಮನೆಮನೆಗೆ ಹೋಗಿ ಬೈಬಲಿನ ಕಥೆ ಹೇಳುತ್ತಿದ್ದರು, ಓದು ಬರಹ ಕಲಿಸುತ್ತಿದ್ದರು. ಆದರೂ ದೀಕ್ಷಾಸ್ನಾನ ಕೊಡುವ, ಪ್ರಭುಭೋಜನ ನಡೆಸುವ ಅಧಿಕಾರ ಪುರುಷರಲ್ಲೇ ಉಳಿದಿತ್ತು.

ಈ ತಾರತಮ್ಯವನ್ನು ನೇರವಾಗಿ ಎದುರಿಸಿದವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದ ಇವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಅಲ್ಲಿ ಅವರು ಪುರುಷ ವಿದ್ಯಾರ್ಥಿಗಳಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದರು. ರಮಾಬಾಯಿ ಅದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮುಂದೆ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ 'ಮುಕ್ತಿ' ಆಶ್ರಯಧಾಮವನ್ನು ಕಟ್ಟಿದರು. ಬೈಬಲನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಮರಾಠಿಗೆ ತಂದರು. ಅದರ ಮುದ್ರಣದಲ್ಲಿ ದುಡಿದವರೂ ಅಲ್ಲಿನ ಮಹಿಳೆಯರೇ. ಮಗಳು ಮನೋರಮಾ ಅವರೊಡನೆ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆಯನ್ನೂ ತೆರೆದರು.

ಮೆಥಡಿಸ್ಟರೂ ಸೇರಿ 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ ಕಾಲಕ್ರಮದಲ್ಲಿ ಸ್ತ್ರೀಯರಿಗೂ ಗುರುದೀಕ್ಷೆ ನೀಡಿತು. 2013ರಲ್ಲಿ ಆಂಧ್ರದ ನಂದ್ಯಾಲ ಧರ್ಮಪ್ರಾಂತಕ್ಕೆ ಪುಷ್ಪಲಲಿತಾ ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಕಥೋಲಿಕ ಸಭೆಯಲ್ಲಿ ಸನ್ಯಾಸಿನಿಯರ ಸೇವೆ ಬಹಳ ದೊಡ್ಡದು. ಆದರೆ ಗುರುದೀಕ್ಷೆ ಇಂದಿಗೂ ಪುರುಷರಿಗೆ ಮಾತ್ರ.

ವಿದ್ಯಾರ್ಥಿಗಳೇ, ಸೇವೆಯನ್ನು ಹೊಗಳುವುದು ಸುಲಭ. ಆದರೆ ಸೇವೆ ಮಾಡಿದವರ ಹೆಸರನ್ನು ದಾಖಲಿಸಿ, ತೀರ್ಮಾನಗಳಲ್ಲಿ ಅವರಿಗೂ ಪಾಲು ಕೊಟ್ಟಾಗ ಮಾತ್ರ ಅದು ನಿಜವಾದ ಗೌರವವಾಗುತ್ತದೆ. ನಿಮ್ಮ ಊರಿನ ಹಳೆಯ ಶಾಲೆ, ಆಸ್ಪತ್ರೆಗಳ ಗೋಡೆಯ ಮೇಲಿನ ಫಲಕಗಳನ್ನು ಒಮ್ಮೆ ಓದಿ ನೋಡಿ. ಅಲ್ಲಿ ದುಡಿದ ಎಷ್ಟು ಮಹಿಳೆಯರ ಹೆಸರು ಅವುಗಳಲ್ಲಿವೆ?