ಪರದೇಶದಲ್ಲಿ ಅಳಿದವರನ್ನು ಊರಿಗೆ ತರುವುದು: ತಪ್ಪು ಕಲ್ಪನೆ ಮತ್ತು ಸತ್ಯ

ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರಿನಂಥ ಊರಿನಿಂದ ದುಡಿಮೆಗೆಂದು ಕಡಲಾಚೆಗೆ ಹೋದ ಮಗನು, ಅಲ್ಲಿಯ ಮರುಭೂಮಿಯ ಯಾವುದೋ ಶಿಬಿರದಲ್ಲಿ ತೀರಿಕೊಂಡನೆಂಬ ವಾರ್ತೆ ಬಂದೊಡನೆ, ಜಗಲಿಯ ಮೇಲೆ ಕೂಡಿದ ಬಂಧುಗಳ ಬಾಯಿಂದ ಹೊರಡುವ ಮೊದಲ ಮಾತು, ‘ಎಮ್ಮೆಲ್ಲೆಯವರಿಂದ ಒಂದು ಮಾತು ಹೇಳಿಸಿದರೆ ಸರ್ಕಾರವೇ ತರಿಸಿಕೊಡುತ್ತದೆ’ ಎಂಬುದು. ಇದು ಅರ್ಧ ಸತ್ಯವಾದದ್ದರಿಂದಲೇ ಹೆಚ್ಚು ಅಪಾಯಕರ. ಭಾರತೀಯ ರಾಯಭಾರ ಕಚೇರಿಯು ಮರಣವನ್ನು ದಾಖಲಿಸಿ, ಪಾಸ್‌ಪೋರ್ಟನ್ನು ರದ್ದುಪಡಿಸಿ, ನಿರಾಕ್ಷೇಪಣಾ ಪತ್ರವನ್ನು ಕೊಡುವುದು ನಿಜ. ವೆಚ್ಚವಾದರೋ ಸಾಮಾನ್ಯವಾಗಿ ಕೆಲಸ ಕೊಟ್ಟವನದು, ಇಲ್ಲವೆ ವಿಮೆಯದು. ಎರಡೂ ಒದಗದೆ, ಮನೆಯವರಿಗೂ ಶಕ್ತಿಯಿಲ್ಲದಿದ್ದಾಗ, 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ದೂತಾವಾಸವು ಅದನ್ನು ಭರಿಸಬಹುದು. ಇದಕ್ಕೆ ಶಿಫಾರಸು ಬೇಕಿಲ್ಲ. 2015ರಿಂದ ನಡೆಯುತ್ತಿರುವ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಿದರೆ ಸಾಕು, ಅದು ನೇರವಾಗಿ ವಿದೇಶಾಂಗ ಸಚಿವಾಲಯವನ್ನು ಮುಟ್ಟುವುದು.

ತಡವಾದರೆ ದೂತಾವಾಸವೇ ನಿದ್ರಿಸುತ್ತಿದೆಯೆಂದು ಆಡಿಕೊಳ್ಳುವುದುಂಟು. ಅಪಘಾತವೋ ಆತ್ಮಹತ್ಯೆಯೋ ಆದಲ್ಲಿ ಅಲ್ಲಿಯ ಪೊಲೀಸರ ತನಿಖೆ ಮುಗಿಯುವವರೆಗೆ ಯಾರೂ ಏನನ್ನೂ ಮಾಡಲಾರರು. ಆದರೆ ಅದಕ್ಕಿಂತಲೂ ನೋವಿನ ವಿಳಂಬವು ನಮ್ಮ ಮನೆಯೊಳಗೇ ಹುಟ್ಟುವಂಥದು. ದೇಹವನ್ನು ತರಬೇಕೆ, ಅಲ್ಲಿಯೇ ಮಣ್ಣು ಮಾಡಬೇಕೆ, ಯಾರ ಹೆಸರಿಗೆ ಅಧಿಕಾರಪತ್ರ ಬರೆಯಬೇಕು ಎಂಬುದನ್ನು ವಾರಸುದಾರರು ಲಿಖಿತವಾಗಿ ತಿಳಿಸಬೇಕು. ಹೆಂಡತಿ ತವರಿನಲ್ಲಿ, ತಂದೆತಾಯಿ ಇಲ್ಲಿ, ಮಾತು ಕೂಡದೆ ನಾಡಕಚೇರಿಯ ವಂಶವೃಕ್ಷವೂ ನೋಟರಿಯ ಪ್ರಮಾಣಪತ್ರವೂ ಹಾಗೆಯೇ ಉಳಿದು, ಅಷ್ಟು ದಿನವೂ ಆ ದೇಹವು ಪರದೇಶದ ಶವಾಗಾರದಲ್ಲಿ ಕಾಯುತ್ತಿರುವುದು.

ಯುದ್ಧದ ನಡುವೆಯೂ ಇದು ಅಸಾಧ್ಯವಲ್ಲ. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ, ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯ ದೇಹವು, ಇಡೀ ದೇಶದ ಗಮನವೇ ಆ ಕಡೆ ಇದ್ದಾಗ್ಯೂ, ಬೆಂಗಳೂರನ್ನು ತಲುಪಿದ್ದು ಮಾರ್ಚ್ 21ರಂದು. ವೀರಶೈವ ಸಂಪ್ರದಾಯದಂತೆ ಪೂಜೆ ಸಲ್ಲಿಸಿದ ಬಳಿಕ ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು.

ಪೆಟ್ಟಿಗೆಯನ್ನು ತೆರೆದಾಗ ಎದೆಯಿಂದ ಹೊಟ್ಟೆಯವರೆಗೆ ಇಳಿದ ದಪ್ಪ ಹೊಲಿಗೆಯನ್ನು ಕಂಡು, ಅಂಗಾಂಗಗಳನ್ನು ಕದ್ದರೆಂದು ಎದೆ ಬಡಿದುಕೊಳ್ಳುವ ತಾಯಂದಿರಿದ್ದಾರೆ. ಬಹುಮಟ್ಟಿಗೆ ಅದು ಮರಣೋತ್ತರ ಪರೀಕ್ಷೆಯ ಹೊಲಿಗೆ. ದೇಹ ಕೆಡದಿರಲೆಂದು ರಕ್ತನಾಳಗಳಲ್ಲಿ ಫಾರ್ಮಾಲಿನ್ ದ್ರವವನ್ನು ಹರಿಸುವುದರಿಂದ ಚರ್ಮವು ಬಿರುಸಾಗಿ, ಕಣ್ಣುರಿಸುವ ವಾಸನೆಯೊಂದು ಪೆಟ್ಟಿಗೆಯಿಂದ ಏಳುವುದು. ಸಂಶಯವಿದ್ದಲ್ಲಿ ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿಯನ್ನು ಮನೆಯವರು ಕೇಳಬಹುದು.

ದೇಹ ಬಾರದೆ ಸದ್ಗತಿಯಿಲ್ಲವೆಂಬ ಭಾವನೆಯನ್ನು ನಾನು ಗೌರವಿಸುತ್ತೇನಾದರೂ ಒಪ್ಪಲಾರೆ. ಚಾಮರಾಜನಗರಕ್ಕೆ ಯಾವ ಮನೆತನದಿಂದ ಹೆಸರು ಬಂದಿತೋ ಆ ಮೈಸೂರು ಅರಸರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ನಿಧನರಾಗಿ, ಅಲ್ಲಿಯೇ ದಹನಸಂಸ್ಕಾರವನ್ನು ಹೊಂದಿದರು. ಅದರಿಂದ ಅವರ ಕೀರ್ತಿಗಾಗಲಿ ಉತ್ತರಕ್ರಿಯೆಗಾಗಲಿ ಕುಂದು ಬಂದಿತೆಂದು ಯಾರೂ ಹೇಳರು. ಕೆಲವೊಮ್ಮೆ ಬೇರೆ ದಾರಿಯೇ ಇಲ್ಲ: 1954ರ ವಿಮಾನ ಸಾರ್ವಜನಿಕ ಆರೋಗ್ಯ ನಿಯಮಗಳ ಪ್ರಕಾರ ಹಳದಿ ಜ್ವರ, ಪ್ಲೇಗ್ ಮೊದಲಾದ ರೋಗಗಳಿಂದ ಸತ್ತವರನ್ನು ದಹಿಸಿದ ಹೊರತು ಭಾರತಕ್ಕೆ ತರುವಂತಿಲ್ಲ. ಅಲ್ಲಿಯೇ ಸಂಸ್ಕಾರವಾದರೂ ಬಾಕಿ ಸಂಬಳವನ್ನೂ ಪರಿಹಾರವನ್ನೂ ಕೇಳುವ ಹಕ್ಕು ಅಳಿಯುವುದಿಲ್ಲ.

ವಲಸೆ ಅನುಮತಿ ಪಡೆದು ಹೋಗುವ ಕಾರ್ಮಿಕರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿಯಲ್ಲದೆ ದೇಹವನ್ನು ತರುವ ವೆಚ್ಚವೂ ಸೇರಿದೆ. ದಲ್ಲಾಳಿಯ ಮಾತು ನಂಬಿ ಪ್ರವಾಸಿ ವೀಸಾದಲ್ಲಿ ಹೋದವನಿಗೆ ಅದು ಇಲ್ಲ. ಆದುದರಿಂದ ಮಗನನ್ನು ಕಳುಹಿಸುವ ಮನೆಯವರು ಅವನ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು ಮತ್ತು ವಿಮಾಪತ್ರಗಳ ಪ್ರತಿಗಳನ್ನು ಅವನು ಹೊರಡುವ ಮುನ್ನವೇ ತೆಗೆದಿರಿಸಿಕೊಳ್ಳಲಿ. ಖಾಲಿ ಕಾಗದಕ್ಕೆ ಮಾತ್ರ, ಯಾರೇ ಬಂದು ಕೇಳಿದರೂ, ಹೆಬ್ಬೆಟ್ಟು ಒತ್ತದಿರಲಿ.