ಮೇವಿನ ಎಲೆ ಮಡಚುವ ಚಿಟ್ಟೆ: ಔಷಧಿ ಹೊಡೆಯುವ ಮುನ್ನ



ಮೇವಿನ ಜೋಳ ಕೊಯ್ಯಲು ಹೋದಾಗ ಅಲ್ಲೊಂದು ಇಲ್ಲೊಂದು ಎಲೆ ಉದ್ದಕ್ಕೆ ಮಡಚಿ, ನೂಲಿನಿಂದ ಹೊಲಿದಂತೆ ಕೊಳವೆಯಾಗಿರುವುದನ್ನು ತಾವು ನೋಡಿರಬಹುದು. ಭತ್ತದ ಗದ್ದೆಯಲ್ಲಿಯೂ ಇದು ಕಾಣುತ್ತದೆ. ಬಿಡಿಸಿದರೆ ಒಳಗೆ ಒಂದೇ ಒಂದು ನುಣುಪಾದ ತಿಳಿಹಸಿರು ಹುಳು. ತಲೆ ದಪ್ಪ, ಕುತ್ತಿಗೆ ಸಪೂರ, ಮುಖದ ಎರಡೂ ಪಕ್ಕ ಕೆಂಗಂದು ಗೆರೆ. ಇದು ಭತ್ತದ ಜಿಗಿಚಿಟ್ಟೆಯ ಮರಿ. ಶಾಸ್ತ್ರೀಯ ಹೆಸರು ಪೆಲೋಪಿಡಾಸ್ ಮಥಿಯಾಸ್. ದೊಡ್ಡದಾದ ಮೇಲೆ ಕಂದು ಬಣ್ಣದ, ರೆಕ್ಕೆಯಲ್ಲಿ ಸಣ್ಣ ಬಿಳಿ ಚುಕ್ಕೆಗಳಿರುವ, ಬಾಣದಂತೆ ಹಾರುವ ಚಿಟ್ಟೆಯಾಗುತ್ತದೆ.

ಈ ಹುಳುವನ್ನು ಸೈನಿಕ ಹುಳು ಎಂದು ತಿಳಿದು ಔಷಧಿ ಹೊಡೆಯುವವರಿದ್ದಾರೆ. 2018ರಲ್ಲಿ ನಮ್ಮ ಶಿವಮೊಗ್ಗದಲ್ಲೇ ದೇಶದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮುಸುಕಿನ ಜೋಳದ ಸುಳಿಯೊಳಗೆ ಕೂತು ಮರದ ಹೊಟ್ಟಿನಂಥ ಹಿಕ್ಕೆ ತುಂಬಿಸುತ್ತದೆ. ಅದರ ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಗುರುತಿರುತ್ತದೆ. ಅದು ಬಿದ್ದ ಹೊಲಕ್ಕೆ ತಡಮಾಡದೆ ರೈತ ಸಂಪರ್ಕ ಕೇಂದ್ರದವರ ಸಲಹೆ ಪಡೆಯಿರಿ.

ಜಿಗಿಚಿಟ್ಟೆಯ ಮರಿ ಹಾಗಲ್ಲ. ಅದರ ಮನೆ ಚೊಕ್ಕಟ. ಈ ಕುಟುಂಬದ ಹುಳುಗಳು ಹಿಕ್ಕೆಯನ್ನು ದೂರಕ್ಕೆ ಸಿಡಿಸುತ್ತವೆ. ಏಕೆಂದು ಅಮೆರಿಕದಲ್ಲಿ ಇದರ ಸಂಬಂಧಿ ಚಿಟ್ಟೆಯೊಂದನ್ನು ಇಟ್ಟುಕೊಂಡು ಪರೀಕ್ಷಿಸಿದಾಗ (2003), ಹಿಕ್ಕೆಯ ವಾಸನೆ ಹಿಡಿದು ಕಣಜಗಳು ಬೇಟೆಗೆ ಬರುತ್ತವೆಂದು ತಿಳಿಯಿತು. ದಿನಾ ಬೆಳಿಗ್ಗೆ ಕೊಟ್ಟಿಗೆ ಬಾಚುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಈ ಚಿಟ್ಟೆಯಲ್ಲಿಯೂ ಬಗೆಗಳಿವೆ. ಹಳ್ಳಿಕಾರ್, ಅಮೃತಮಹಲ್, ದೇವಣಿ ಎಲ್ಲವೂ ದನವೇ, ತಳಿ ಬೇರೆ. ತಳಿಯನ್ನು ಸಾಕಿದವರು ಆರಿಸಿ ಬೆಳೆಸಿದರು. ಚಿಟ್ಟೆಯ ಉಪಜಾತಿ ಸೀಮೆ ಬದಲಾದಂತೆ ತಾನಾಗಿಯೇ ಬೇರೆಯಾದದ್ದು. ನಮ್ಮದು 'ಮಥಿಯಾಸ್' ಉಪಜಾತಿ. ತಮಿಳುನಾಡಿನ ತರಂಗಂಬಾಡಿಯಿಂದ ಹೋದ ಮಾದರಿ ನೋಡಿ 1798ರಲ್ಲಿ ಫ್ಯಾಬ್ರಿಸಿಯಸ್ ಎಂಬ ವಿಜ್ಞಾನಿ ಹೆಸರಿಟ್ಟರು. ಚೀನಾ, ಜಪಾನ್ ಕಡೆಯದು 'ಒಬರ್ತೂರಿ', 1937ರಲ್ಲಿ ಹೆಸರು ಪಡೆದದ್ದು. ಎರಡೂ ಬದುಕುವುದು ಹುಲ್ಲಿನ ಜಾತಿಯ ಗಿಡಗಳ ಮೇಲೆಯೇ.

ಹಾಗಾದರೆ ನಷ್ಟವೆಷ್ಟು? ರಾತ್ರಿ ಹೊರಬಂದು ಎಲೆಯ ಅಂಚಿನಿಂದ ನಡುನರದವರೆಗೆ ತಿನ್ನುತ್ತದೆ, ನಿಜ. ಆದರೆ ಹುಳುಗಳು ಒಂಟಿಯಾಗಿ ಚದುರಿರುತ್ತವೆ. ಮೊಟ್ಟೆ, ಮರಿಗಳನ್ನು ಪರೋಪಜೀವಿ ಕಣಜಗಳು ನಾಶಮಾಡುತ್ತವೆ. ಔಷಧಿ ಹೊಡೆದರೆ ಮೊದಲು ಸಾಯುವುದು ಆ ಕಣಜಗಳೇ.

ನಮಗೆ ಇನ್ನೊಂದು ಲೆಕ್ಕವಿದೆ. ಭತ್ತದ ಹೊಲದ ಔಷಧಿ ಅಲ್ಲಿಗೇ ಮುಗಿಯಬಹುದು, ಮೇವಿನ ಹೊಲದ್ದು ಹಸುವಿನ ಹೊಟ್ಟೆಗೆ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ವಿಷ ಹಾಲಿನ ಜಿಡ್ಡಿನೊಡನೆಯೇ ಹೊರಬರುತ್ತದೆ, ಕಾಯಿಸಿದರೆ ಪೂರ್ತಿ ಹೋಗುವುದಿಲ್ಲ. ಬೇರೆ ಕಾರಣಕ್ಕೆ ಸಿಂಪಡಿಸಲೇಬೇಕಾಗಿ ಬಂದರೂ ಡಬ್ಬಿಯ ಮೇಲೆ ಬರೆದಷ್ಟು ದಿನ ಆ ಮೇವನ್ನು ಕೊಯ್ಯಬೇಡಿ. ಭತ್ತದ ಹುಲ್ಲಿಗೂ ಇದೇ ಮಾತು.

ಮಡಚಿದ ಎಲೆಗಳು ಕಂಡರೆ ಮೇವು ಕೊಯ್ಯುವಾಗಲೇ ಕೈಯಿಂದ ಬಿಡಿಸಿ ಹುಳು ತೆಗೆಯಿರಿ. ಮನೆಯಲ್ಲಿ ಕೋಳಿಗಳಿದ್ದರೆ ಅವಕ್ಕೆ ಹಾಕಿ.